ದೇವಕಮ್ಮನ ಮೆಟ್ಟಿಲ ಲೆಕ್ಕ

ನಾನು ದೇವಕಮ್ಮನನ್ನು ಕಣ್ಣಾರೆ ನೋಡಿದ್ದು ಎರಡೇ ಸಲ. ಆದರೆ ಆರು ವರ್ಷ, ವಾರದಲ್ಲಿ ನಾಲ್ಕು ದಿನವಾದರೂ, ದಿನಕ್ಕೆ ಮೂರು ಹೊತ್ತು ಆಕೆಯ ದನಿ ಕೇಳಿದ್ದೇನೆ. ಆಕೆ ಯಾವ ಬಣ್ಣದ ಸೀರೆ ಉಡುತ್ತಿದ್ದಳು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನೆಗಡಿ ಆದಾಗ ಆಕೆಯ ದನಿ ಹೇಗಿರುತ್ತಿತ್ತು ಎಂದು ಕೇಳಿ, ಹೇಳುತ್ತೇನೆ.

ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿನಲ್ಲಿ ನಾನು ವಾಯರ್‌ಲೆಸ್ ಆಪರೇಟರ್. ಕೃಷ್ಣೆಯ ನೀರು ಈ ಕಡೆ ಹರಿಯಲು ಶುರುವಾಗಿ ಆಗಿನ್ನೂ ಐದಾರು ವರ್ಷವಾಗಿತ್ತು. ಹನ್ನೊಂದು ಗೇಟುಗಳು, ಗೇಟು ಕಾಯಲು ಗೇಟಿಗೊಬ್ಬ ಲಸ್ಕರ, ಅವನ ಕೋಣೆಯಲ್ಲಿ ಒಂದು ವಾಯರ್‌ಲೆಸ್ ಸೆಟ್ಟು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಒಬ್ಬೊಬ್ಬರೇ ನೀರು ಎಷ್ಟು ಎತ್ತರ ಇದೆ ಎಂದು ಹೇಳಬೇಕು, ನಾನು ಬರೆದುಕೊಳ್ಳಬೇಕು. ಗೇಟಿನ ಗೋಡೆಯ ಮೇಲೆ ಅಳತೆಪಟ್ಟಿ ಬರೆದಿರುತ್ತಿತ್ತು, ಅದನ್ನು ನೋಡಿ ಮೀಟರಿನಲ್ಲಿ ಹೇಳುವುದು. ಅದಕ್ಕೆ ನಾವು ರೀಡಿಂಗು ಅನ್ನುತ್ತಿದ್ದೆವು.

ಏಳನೇ ಗೇಟಿನ ಲಸ್ಕರ ತಿಮ್ಮಣ್ಣ. ದೋರನಹಳ್ಳಿಯಿಂದ ಮೂರು ಮೈಲು ಆಚೆ, ಸುತ್ತ ಒಂದು ಮನೆ ಇಲ್ಲದ ಕಡೆ ಅವನ ಕ್ವಾರ್ಟರ್ಸು. ಮನುಷ್ಯ ಒಳ್ಳೆಯವನೇ, ಆದರೆ ಒಂದು ಕಡೆ ಕೂತವನಲ್ಲ. ದಿನಗೂಲಿ ಕೆಲಸಗಾರರನ್ನು ಕಾಯಂ ಮಾಡಿ ಎಂದು ಸಂಘ ಕಟ್ಟಿದ್ದ. ಇವತ್ತು ಯಾದಗಿರಿಯಲ್ಲಿ ಧರಣಿ, ನಾಳೆ ಸುರಪುರದಲ್ಲಿ ಸಭೆ, ನಾಡಿದ್ದು ಗುಲಬರ್ಗಾ ಕೋರ್ಟು. ವಾರದಲ್ಲಿ ನಾಲ್ಕು ದಿನ ಗೇಟಿನಲ್ಲಿ ಅವನ ನೆರಳೂ ಕಾಣುತ್ತಿರಲಿಲ್ಲ. ಅವನಿಲ್ಲದಾಗ ಸೆಟ್ಟಿನ ಗುಂಡಿ ಒತ್ತಿ ಹಿಡಿದು ಮಾತಾಡುತ್ತಿದ್ದವಳು ಅವನ ಹೆಂಡತಿ ದೇವಕಮ್ಮ.

ಮೊದಲ ದಿನ ಆಕೆ ಹೇಳಿದ್ದು ನನಗೆ ತಿಳಿಯಲೇ ಇಲ್ಲ.

"ಏಳು ಮೆಟ್ಲು ಮುಳುಗ್ಯಾವ್ರಿ. ಎಂಟನೇದು ತೊಯ್ದದ."

"ಏನು ಮೆಟ್ಲು? ಮೀಟರ್ ಹೇಳ್ರಿ, ಮೀಟರ್."

"ನಂಗ ಅದು ಓದಾಕ ಬರಾಂಗಿಲ್ರಿ. ಬಟ್ಟಿ ಒಗಿಯೋ ಕಡಿ ಮೆಟ್ಲು ಅದಾವಲ್ರಿ, ಅವು ಏಳು ಮುಳುಗ್ಯಾವ."

ಕಾಲುವೆ ಬಂದ್ ಇದ್ದಾಗ ಇಳಿದು ಹೋಗಿ ತಳದಿಂದ ಒಂದೊಂದೇ ಮೆಟ್ಟಿಲು ಎಣಿಸಿ ಇಟ್ಟುಕೊಂಡಿದ್ದಳಂತೆ. ಐದನೆಯದರ ಮೂಲೆ ಮುಕ್ಕಾಗಿದೆ, ಒಂಬತ್ತನೆಯದರ ಮೇಲೆ ಮೇಸ್ತ್ರಿಯ ಚಪ್ಪಲಿ ಗುರುತು ಇದೆ, ಹೀಗೆ. ನಾನು ಸಿಟ್ಟಿನಲ್ಲಿ ಸೆಟ್ಟು ಮೆಕ್ಯಾನಿಕ್ ಸರದಾರಸಾಬನಿಗೆ ಹೇಳಿದೆ. ಅವನು ಮರುದಿನ ಆ ಕಡೆ ಹೋದಾಗ ಟೇಪು ಹಿಡಿದು ಅಳೆದು ಬಂದ. ಮೆಟ್ಟಿಲಿಗೆ ಇಪ್ಪತ್ತು ಸೆಂಟಿಮೀಟರು. ಏಳು ಮುಳುಗಿದರೆ ಒಂದು ಪಾಯಿಂಟ್ ನಾಲ್ಕು, ಎಂಟನೆಯದು ತೊಯ್ದಿದ್ದರೆ ಇನ್ನೊಂದಿಷ್ಟು. ಆಮೇಲೆ ನೋಡಿದರೆ ಉಳಿದ ಹತ್ತು ಮಂದಿ ಲಸ್ಕರರು ಹಾಸಿಗೆಯಲ್ಲಿ ಮಲಗಿಕೊಂಡೇ ಅಂದಾಜಿಗೆ ಒದರುತ್ತಿದ್ದ ಮೀಟರುಗಳಿಗಿಂತ ಈ ಅಕ್ಷರ ಬಾರದವಳ ಮೆಟ್ಟಿಲೇ ಸರಿ ಇರುತ್ತಿತ್ತು. ನಾನು ಬಾಯಿಬಿಟ್ಟು ಹಾಗೆ ಮೇಲಿನವರಿಗೆ ಹೇಳಲಿಲ್ಲ. ನಿಯಮದ ಪ್ರಕಾರ ಲಸ್ಕರನ ಹೆಂಡತಿ ಸೆಟ್ಟು ಮುಟ್ಟುವಂತಿಲ್ಲ. ಹೇಳಿದ್ದರೆ ತಿಮ್ಮಣ್ಣನ ಕೆಲಸ ಹೋಗುತ್ತಿತ್ತು, ನನಗೂ ಮೆಮೊ ಬರುತ್ತಿತ್ತು.

ಒಮ್ಮೆ ಇಂಜಿನಿಯರರ ಜೀಪಿನಲ್ಲಿ ಆ ಗೇಟಿಗೆ ಹೋಗಿದ್ದೆ. ಸಣ್ಣ ಹೆಂಗಸು, ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಚಹಾ ತಂದಳು. ಈಗಷ್ಟೇ ಕುಡಿದು ಬಂದೆವೆಂದು ಹೇಳಿ ನಾನು ಜೀಪಿನಿಂದ ಇಳಿಯಲೇ ಇಲ್ಲ. ಕುಡಿದಿರಲಿಲ್ಲ. ಅವರು ಯಾವ ಓಣಿಯವರು, ನಾವು ಯಾವ ಓಣಿಯವರು ಎಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡನೇ ಸಲ ನೋಡಿದ್ದು ಎರಡು ಸಾವಿರದ ನಾಲ್ಕರಲ್ಲಿ, ಅವರ ಊರು ಮುದನಾಳದಲ್ಲಿ, ಆಕೆಯನ್ನು ಮಣ್ಣು ಮಾಡುವ ದಿನ. ಕಾಮಾಲೆಯಾಗಿತ್ತು. ಮಕ್ಕಳಿರಲಿಲ್ಲ. ಸಂಘದವರು ನೂರಾರು ಮಂದಿ ಬಂದಿದ್ದರು, ಅವರಲ್ಲಿ ಆಕೆಯ ಜೊತೆ ಕೂತು ಮಾತಾಡಿದವರು ಎಷ್ಟು ಮಂದಿಯೋ ದೇವರಿಗೇ ಗೊತ್ತು.

ಹೀಗೆ ದೇವಕಮ್ಮನ ಕಥೆ ಮುಗಿದಿತ್ತು. ನಾನೂ ನಿವೃತ್ತನಾಗಿ ಯಾದಗಿರಿಯ ಸ್ಟೇಷನ್ ರಸ್ತೆಯ ಮನೆಯಲ್ಲಿ ಪೇಪರ್ ಓದಿಕೊಂಡು, ಕಂಡಕಂಡವರ ಮೇಲೆ ರೇಗಿಕೊಂಡು ಇದ್ದೆ. ಆಗ ಒಂದು ದಿನ ಸರದಾರಸಾಬನ ಮಗ ಚಾಂದಪಾಶಾ ಬಂದ.

ಮೂವತ್ತೈದು ದಾಟಿದ ಗಂಡಸು. ಹೆಗಲ ತನಕ ಕೂದಲು, ಮೈಮೇಲೆ ಕರಿ ಬನಿಯನ್, ಅದರ ಮೇಲೆ ಬೇರು ಕಿತ್ತ ಜಾಲಿಗಿಡದಂಥ ಅಕ್ಷರ. ಹೈದರಾಬಾದಿನಲ್ಲಿ ಮದುವೆ ಮಂಟಪಗಳಿಗೆ ಸೌಂಡ್ ಸಿಸ್ಟಮ್ ಹಾಕುವ ಕೆಲಸವಂತೆ. ಅದು ಹೊಟ್ಟೆಪಾಡಿಗೆ. ಉಳಿದ ಹೊತ್ತು ನಾಲ್ಕು ಜನ ಸೇರಿ ಬ್ಯಾಂಡು ನಡೆಸುತ್ತಾರೆ, ಇವನು ಗಿಟಾರು. ಆರು ವರ್ಷ ಕಷ್ಟಪಟ್ಟು ಮೊದಲನೇ ಆಲ್ಬಮ್ ಹೊರಗೆ ತಂದಿದ್ದಾರೆ.

"ಎಂಥಾ ಹಾಡು?" ಎಂದೆ.

"ಪ್ರೊಗ್ರೆಸಿವ್ ಮೆಟಲ್ ಅಂತಾರ್ರಿ ಕಾಕಾ."

"ಪ್ರಗತಿಪರ ರೈತ ಅಂದ್ರ ಗೊತ್ತದಪ್ಪಾ, ಪೇಪರಿನ್ಯಾಗ ಫೋಟೋ ಬರ್ತದ. ಇದ್ಯಾವ ಪ್ರಗತಿ?"

ಅವನು ನಕ್ಕ. ಬ್ಯಾಂಡಿನ ಹೆಸರು ಡೆಡ್ ಸ್ಟೋರೇಜ್ ಅಂದಾಗ ಮಾತ್ರ ನಾನು ನೆಟ್ಟಗೆ ಕೂತೆ. ಅದು ನಮ್ಮ ಮಾತು. ಜಲಾಶಯದ ತಳದಲ್ಲಿ, ಎಲ್ಲಕ್ಕಿಂತ ಕೆಳಗಿನ ಗೇಟಿಗಿಂತಲೂ ಕೆಳಗೆ ಉಳಿಯುವ ನೀರು. ಇದ್ದರೂ ಯಾವ ಹೊಲಕ್ಕೂ ಹರಿಸಲಾಗದು. ದಿನಾ ಬೆಳಿಗ್ಗೆ ಅಷ್ಟನ್ನು ಕಳೆದೇ ಲೆಕ್ಕ ಬರೆಯುತ್ತಿದ್ದೆವು. ಕ್ಯಾಂಪಿನಲ್ಲಿ ಹುಟ್ಟಿದವನು ಹೆಸರನ್ನಾದರೂ ಕ್ಯಾಂಪಿನಿಂದ ತಗೊಂಡಿದ್ದಾನಲ್ಲ ಎನ್ನಿಸಿತು.

ಕಿವಿಗೆ ಹೆಡ್‌ಫೋನ್ ಹಾಕಿ ಆಲ್ಬಮ್ಮಿನ ಮೂರನೇ ಹಾಡು ಹಚ್ಚಿದ. ಹಾಡು ಅನ್ನುವುದೇ ತಪ್ಪು. ಹದಿನಾಲ್ಕು ನಿಮಿಷ. ಕ್ರಷರ್ ಮಿಶನ್ನಿಗೆ ಕಲ್ಲು ಸುರಿದ ಹಾಗೆ ಡ್ರಮ್ಮು, ಮೇಲೊಬ್ಬ ಗಂಟಲು ಹರಿದುಕೊಳ್ಳುವವನು. ಐದು ನಿಮಿಷಕ್ಕೆ ತೆಗೆದು ಬಿಸಾಡಬೇಕು ಅನ್ನಿಸಿತು. ಅವನು ಕೈ ಅಡ್ಡ ಹಿಡಿದು, "ಇನ್ನೊಂದಿಷ್ಟು ತಡೀರಿ ಕಾಕಾ" ಅಂದ. ಸದ್ದು ಒಮ್ಮೆಲೇ ನಿಂತಿತು. ಬರೀ ಸರಪರ ಸದ್ದು. ಆ ಸರಪರದೊಳಗಿಂದ ಹೆಣ್ಣು ದನಿ ಬಂತು.

"ಏಳು ಮೆಟ್ಲು ಮುಳುಗ್ಯಾವ್ರಿ. ಎಂಟನೇದು ತೊಯ್ದದ."

ಮತ್ತೆ ಡ್ರಮ್ಮು ಬಿತ್ತು. ನಾನು ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಸರದಾರಸಾಬ ಸೆಟ್ಟು ರಿಪೇರಿ ಮಾಡಿದಾಗಲೆಲ್ಲ ಎಲ್ಲಿ ಕರಕರ ಬರುತ್ತದೆಂದು ಪತ್ತೆ ಹಚ್ಚಲು ಒಂದು ಹೊತ್ತಿನ ಲೈನನ್ನು ಪೂರ್ತಿ ಕ್ಯಾಸೆಟ್ಟಿಗೆ ಹಿಡಿದು, ಮನೆಗೆ ಒಯ್ದು ಕೇಳುತ್ತಿದ್ದ. ಅವನು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಉಳಿದ ಒಂದು ಕ್ಯಾಸೆಟ್ಟು ಮಗನಿಗೆ ಸಿಕ್ಕಿದೆ. ಚಾಂದಪಾಶಾ ಅದನ್ನು ಕೇಳಿ ಹುಚ್ಚನಾಗಿದ್ದಾನೆ. "ಏಳು ಹೊಡತ, ಆಮ್ಯಾಲ ಎಂಟು ಹೊಡತ, ಮತ್ತ ಏಳು, ಮತ್ತ ಎಂಟು. ಇಡೀ ಹಾಡಿನ ತಾಳ ಅದ್ರ ಮ್ಯಾಲೇ ನಿಂತದ ಕಾಕಾ. ಎಣಿಸಿ ನೋಡ್ರಿ." ನಾನು ಮತ್ತೆ ಹೆಡ್‌ಫೋನ್ ಹಾಕಿ ಕುರ್ಚಿಯ ತೋಳಿನ ಮೇಲೆ ಬೆರಳಿನಿಂದ ಎಣಿಸಿದೆ. ನಿಜವಾಗಿಯೂ ಏಳು. ಆಮೇಲೆ ಎಂಟು. ಅಷ್ಟು ಗದ್ದಲದಲ್ಲೂ ಒಂದೂ ತಪ್ಪಿರಲಿಲ್ಲ.

ಆಲ್ಬಮ್ಮಿನ ಡಬ್ಬಿ ತಿರುವಿ ಹಿಂದೆ ಓದಿದೆ. ಮೂರನೇ ಹಾಡಿನ ಮುಂದೆ 'ಸಾಲುಗಳು: ಸಾಂಪ್ರದಾಯಿಕ, ಜಾನಪದ' ಎಂದು ಅಚ್ಚಾಗಿತ್ತು.

ನನಗೆ ಬಂದ ಸಿಟ್ಟು ಹೇಳತೀರದು. "ಯಾವಂದೋ ಜಾನಪದ? ಇದು ಏಳನೇ ಗೇಟಿನ ರೀಡಿಂಗು. ತಿಮ್ಮಣ್ಣನ ಹೆಂಡತಿ ದೇವಕಮ್ಮ ಹೇಳಿದ್ದು, ನಾನು ಬರಕೊಂಡಿದ್ದು. ಆಕಿಗೆ ಹೆಸರಿಲ್ಲೇನು?"

ಚಾಂದಪಾಶಾ ಪೆಚ್ಚಾದ. ಉಳಿದವರೆಲ್ಲ ಮೀಟರು ಹೇಳುವಾಗ ಈಕೆಯೊಬ್ಬಳೇ ಮೆಟ್ಟಿಲು ಎಂದದ್ದಕ್ಕೆ ಅವನು ಅದನ್ನು ಯಾವುದೋ ತತ್ವಪದದ ಸಾಲು, ಸಾವಿನ ಮಾತು ಎಂದು ತಿಳಿದಿದ್ದ. ಕ್ಯಾಂಪಿನಲ್ಲಿ ಹುಟ್ಟಿದವನಾದರೂ ಶಾಲೆ ಎಲ್ಲ ಹೈದರಾಬಾದಿನ ಮಾಮನ ಮನೆಯಲ್ಲಿ, ರೀಡಿಂಗು ಗೀಡಿಂಗು ಅವನಿಗೆ ಗೊತ್ತಿಲ್ಲ. ಆಮೇಲೆ ಅನುಮಾನ ಬಂದು, ಟೇಪಿನಲ್ಲಿ ಹಂಪಣ್ಣ ಎಂಬ ನನ್ನ ಹೆಸರು ಕೇಳಿಸಿದ್ದರಿಂದ ನನ್ನನ್ನು ಹುಡುಕಿಕೊಂಡು ಬಂದಿದ್ದ. ಮುಂದಿನ ಅಚ್ಚಿನಲ್ಲಿ ಹೆಸರು ಹಾಕುತ್ತೇನೆ, ಆದರೆ ಮನೆಯವರ ಒಪ್ಪಿಗೆ ಬೇಕಲ್ಲ ಎಂದ. ಸರಿ, ನಡಿ ಎಂದು ಅವನ ಮೋಟರ್‌ಸೈಕಲ್ ಹತ್ತಿದೆ.

ತಿಮ್ಮಣ್ಣ ಮುದನಾಳದಲ್ಲಿ ತಂಗಿ ಸುಂದ್ರಮ್ಮನ ಮನೆಯಲ್ಲಿದ್ದ. ಎಪ್ಪತ್ತು ದಾಟಿತ್ತು, ಕಾಲು ಊದಿತ್ತು. ಸಂಘದ ಮಂದಿ ಕಾಯಂ ಆದರು, ಮನೆ ಕಟ್ಟಿದರು, ಈಗ ಹಬ್ಬಕ್ಕೂ ಈ ಕಡೆ ಬರುವುದಿಲ್ಲ. ಇಡೀ ದಿನ ಮಾತಾಡುತ್ತಿದ್ದ ಮನುಷ್ಯ ಪಡಸಾಲೆಯಲ್ಲಿ ಗೋಡೆ ನೋಡುತ್ತ ಕೂತಿದ್ದ. ನಮ್ಮನ್ನು ನೋಡಿ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ನನಗೆ ನಾಚಿಕೆಯಾಯಿತು.

ಹೆಡ್‌ಫೋನ್ ಹಾಕಿ ಹಚ್ಚಿದೆವು. ಆ ಐದು ನಿಮಿಷದ ಗದ್ದಲವನ್ನು ತಿಮ್ಮಣ್ಣ ಕಣ್ಣು ಮುಚ್ಚಿ, ಇಂಜೆಕ್ಷನ್ ತಗೊಳ್ಳುವವನ ಹಾಗೆ ಸಹಿಸಿದ. ಆಕೆಯ ದನಿ ಬಂದಾಗ ಎರಡೂ ಕೈಯಿಂದ ಹೆಡ್‌ಫೋನ್ ಒತ್ತಿ ಹಿಡಿದ. ಇನ್ನೊಮ್ಮೆ ಹಚ್ಚು ಅಂದ. ಮತ್ತೊಮ್ಮೆ. ಹೊತ್ತು ಹೋದದ್ದೇ ತಿಳಿಯಲಿಲ್ಲ, ಸುಂದ್ರಮ್ಮ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದಳು.

"ಆಕಿದು ಒಂದು ಫೋಟೋ ಸುದ್ದಾ ಸರಿಯಾದ್ದಿಲ್ರಿ ಹಂಪಣ್ಣೋರೆ," ಅಂದ. "ದನಿ ಹ್ಯಾಂಗಿತ್ತು ಅನ್ನೋದು ಮರತೇ ಹೋಗಿತ್ತು. ನೆನಸಾಕ ಹೋದ್ರ ನನ್ನ ದನೀನೇ ಕೇಳಿಸ್ತಿತ್ತು." ಆಮೇಲೆ ಚಾಂದಪಾಶಾನ ಕೈ ಹಿಡಿದ. "ಈ ಡ್ರಮ್ಮ ತಗದು ಬರೀ ಆಕಿ ದನಿ ಕೇಳಿಸಾಕ ಬರ್ತದೇನಪ್ಪಾ? ನಿಮ್ಮ ಹಾಡಿಗೆ ನಂದೇನೂ ಅಡ್ಡಿಯಿಲ್ಲ. ಆಕಿ ದನಿ ಅಷ್ಟು ಕೊಡು."

"ಪೂರಾ ಕ್ಯಾಸೆಟ್ಟೇ ಅದ ಕಾಕಾ, ಹೈದರಾಬಾದಿನ್ಯಾಗ. ಆಕಿ ಇನ್ನಾ ಮಾತಾಡ್ಯಾಳ ಅದರಾಗ. ಕಂಪ್ಯೂಟರಿಗೆ ಇಳಿಸಿಕೊಂಡು ಬರೋ ರವಿವಾರ ತರ್ತೀನಿ."

ತಿಮ್ಮಣ್ಣನ ಮುಖ ಅರಳಿತು. ನನಗೆ ಮಾತ್ರ ಆ ಕ್ಯಾಸೆಟ್ಟಿನ ದಿನ ನೆನಪಾಯಿತು. ಏಳು ಮುಳುಗಿ ಎಂಟನೆಯದು ತೊಯ್ದ ದಿನಗಳು ನೂರಾರು, ಆದರೆ ರಿಪೇರಿಯಾದ ಸೆಟ್ಟು, ಮಧ್ಯಾಹ್ನದ ಹೊತ್ತು, ಆಕೆ ರೀಡಿಂಗು ಬಿಟ್ಟು ಇನ್ನೇನೋ ಮಾತಾಡಿದ್ದು ಒಂದೇ ದಿನ. ಆ ದಿನ ಆಕೆ ರೀಡಿಂಗು ಹೇಳಿ ಗುಂಡಿ ಬಿಡದೆ ಹಾಗೇ ಹಿಡಿದಿದ್ದಳು. ಆಮೇಲೆ ಅಂದಿದ್ದಳು: ಒಂದಿಷ್ಟು ಮಾತಾಡ್ರಿ, ಇಲ್ಲಿ ಯಾರೂ ಇಲ್ಲ. ನಾನು ಅಂದಿದ್ದೆ: ಸರಕಾರಿ ಲೈನು, ಖಾಲಿ ಬಿಡ್ರಿ.

ಅಂದದ್ದು ಅಷ್ಟೇ. ಉಳಿದ ಹತ್ತು ಗೇಟಿನವರು ಕೇಳುತ್ತಿದ್ದರು, ಮಂದಿಯ ಹೆಂಡತಿಯ ಜೊತೆ ವಾಯರ್‌ಲೆಸ್ಸಿನಲ್ಲಿ ಹರಟೆ ಹೊಡೆದರೆ ಕ್ಯಾಂಪಿನಲ್ಲಿ ತಲೆಗೊಂದು ಮಾತು. ಇವೆಲ್ಲ ನೆಪ ಎಂದು ನನಗೆ ಈಗ ಗೊತ್ತು. ನನಗೆ ಬೇಕಾಗಿರಲಿಲ್ಲ, ಅದಕ್ಕೆ ಆಡಲಿಲ್ಲ. ಆಮೇಲೆ ಆಕೆ ಎಂದೂ ಕೇಳಲಿಲ್ಲ. ಏಳು, ಎಂಟು, ಒಂಬತ್ತು, ಅಷ್ಟೇ ಹೇಳಿ ಗುಂಡಿ ಬಿಡುತ್ತಿದ್ದಳು.

ನಾವು ಹೊರಡುವಾಗ ತಿಮ್ಮಣ್ಣ ನನ್ನ ಹಿಂದೆ ಕುಂಟುತ್ತ ಬಾಗಿಲ ತನಕ ಬಂದ.

"ಹಂಪಣ್ಣೋರೆ, ಒಂದು ಮಾತು ಎಂದೋ ಹೇಳಬೇಕಿತ್ತು. ನಾ ಊರೂರು ತಿರಗಾಕತ್ತಾಗ ಕೇಳ್ತಿದ್ದೆ ಆಕಿಗೆ, ಒಬ್ಬಾಕಿ ಇರ್ತಿ, ಬ್ಯಾಸರ ಆಗಲ್ಲೇನು ಅಂತ. ಯಾಕ ಬ್ಯಾಸರ, ಹಂಪಣ್ಣೋರು ದಿನಾ ಮಾತಾಡ್ತಾರ ಅಂತಿದ್ಲು. ಅವರ ಮನ್ಯಾಗಿನ ಸುದ್ದಿ, ಕ್ಯಾಂಪಿನ ಸುದ್ದಿ ಎಲ್ಲಾ ಹೇಳ್ತಾರ, ನಗಸ್ತಾರ ಅಂತಿದ್ಲು. ಆ ಧೈರ್ಯದ ಮ್ಯಾಲೇ ನಾ ಹೋಗ್ತಿದ್ದೆ. ನಿಮ್ಮ ಉಪಕಾರ ನಾ ಮರಿಯಾಂಗಿಲ್ರಿ."

ಹೂಂ ಎಂದೆ. ಮನೆಗೆ ಬಂದು ಊಟ ಬೇಡವೆಂದೆ. ಕಲ್ಯಾಣಮ್ಮ, ನನ್ನ ಹೆಂಡತಿ, ಏನಾಯಿತೆಂದು ಕೇಳಿದಾಗ ಅವಳ ಮೇಲೆ ರೇಗಿದೆ. ಮರುದಿನ ಚಾಂದಪಾಶಾನಿಗೆ ಫೋನ್ ಮಾಡಿದೆ.

"ರೀಡಿಂಗ್ ಆದ ಮ್ಯಾಲಿಂದು ಕತ್ತರಿಸಿಬಿಡು. ಅವಂಗ ಅಷ್ಟೇ ಸಾಕು."

ಅವನು ಆ ಟೇಪನ್ನು ನೂರು ಸಲ ಕೇಳಿದವನು. "ಯಾರ ಸಲುವಾಗಿ ಕಾಕಾ?" ಅಂದ.

"ಅವನ ಸಲುವಾಗಿ. ವಯಸ್ಸಾಗ್ಯದ, ಯಾಕ ಸುಮ್ನ ನೋಯಿಸಬೇಕು?"

"ಆತ್ರಿ," ಎಂದು ಇಟ್ಟುಬಿಟ್ಟ.

ಆ ವಾರವೆಲ್ಲ ನಾನು ಅದೇ ಲೆಕ್ಕ ಹಾಕಿದೆ. ಕತ್ತರಿಸಿದರೆ ತಿಮ್ಮಣ್ಣ ಸಮಾಧಾನದಿಂದ ಇರುತ್ತಾನೆ, ನಾನೂ ದೊಡ್ಡ ಮನುಷ್ಯನಾಗಿಯೇ ಉಳಿಯುತ್ತೇನೆ. ಯಾರಿಗೂ ನಷ್ಟವಿಲ್ಲ. ಹಾಗೆ ಅಂದುಕೊಂಡಾಗಲೆಲ್ಲ, ನಷ್ಟ ಆಗುವವಳು ಒಬ್ಬಳಿದ್ದಾಳೆ ಎಂದು ಹೊಳೆಯುತ್ತಿತ್ತು. ಆಕೆ ಬಾಯಿಬಿಟ್ಟು ಕೇಳಿದ್ದು ಜೀವಮಾನದಲ್ಲಿ ಅದೊಂದೇ ಇರಬೇಕು. ಆವತ್ತು ಆಕೆಯ ಬಾಯಿ ಮುಚ್ಚಿಸಿದವನು ನಾನು, ಈಗ ಮತ್ತೊಮ್ಮೆ ನಾನೇ.

ರವಿವಾರ ಮುಂಜಾನೆ ಹೋದೆವು. ತಿಮ್ಮಣ್ಣ ದಾಡಿ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ಸುಂದ್ರಮ್ಮನನ್ನೂ ಒಳಗಿಂದ ಕರೆದು ಕೂಡಿಸಿದ. ಚಾಂದಪಾಶಾ ಲ್ಯಾಪ್‌ಟಾಪ್ ತೆರೆದ. ಅದಕ್ಕೊಂದು ಸಣ್ಣ ಸ್ಪೀಕರ್ ಹಚ್ಚಿದ.

"ಕೇಳವ್ವಾ ಸುಂದ್ರಮ್ಮ," ಎಂದ ತಿಮ್ಮಣ್ಣ. "ನಿಮ್ಮ ದೇವಕಮ್ಮ ವೈನಿಗೆ ಆ ಅಡವ್ಯಾಗ ಆಸ್ರ ಆದವರು ಇವರೇ ನೋಡು, ಹಂಪಣ್ಣೋರು."

ಸುಂದ್ರಮ್ಮ ನನಗೆ ಕೈ ಮುಗಿದಳು. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಚಾಂದ್," ಎಂದೆ. "ಪೂರಾದ್ದು ತಂದೀಯೇನು?"

"ಎರಡೂ ಅದಾವ್ರಿ."

"ಪೂರಾದ್ದೇ ಹಚ್ಚು."

ಅವನು ನನ್ನನ್ನೊಮ್ಮೆ ನೋಡಿ ಹಚ್ಚಿದ. ಮೊದಲು ಸರಪರ. ಆಮೇಲೆ ನನ್ನ ದನಿ, ವಯಸ್ಸಿನ ಸೊಕ್ಕಿನ ದನಿ: "ಕ್ಯಾಂಪ್ ಹಂಪಣ್ಣ ಮಾತಾಡಾಕತ್ತೇನಿ, ಗೇಟ್ ಏಳು ಹೇಳ್ರಿ." ಆಮೇಲೆ ಆಕೆ. ಡ್ರಮ್ಮು ಇಲ್ಲ, ಗಿಟಾರು ಇಲ್ಲ, ಬರೀ ದೇವಕಮ್ಮ.

"ಏಳು ಮೆಟ್ಲು ಮುಳುಗ್ಯಾವ್ರಿ. ಎಂಟನೇದು ತೊಯ್ದದ."

ತಿಮ್ಮಣ್ಣ ನಗುತ್ತ ತಂಗಿಯ ಕಡೆ ನೋಡಿದ. ಸ್ಪೀಕರಿನಲ್ಲಿ ಗಾಳಿಯ ಸದ್ದು, ದೂರದಲ್ಲಿ ಯಾವುದೋ ಹಕ್ಕಿ. ಆಕೆ ಗುಂಡಿ ಬಿಟ್ಟಿರಲಿಲ್ಲ.

"ಹಂಪಣ್ಣೋರೆ, ಒಂದಿಷ್ಟು ಮಾತಾಡ್ರಿ. ಏನಾರ ಅಡ್ಡಿಯಿಲ್ಲ. ಇಲ್ಲಿ ಯಾರೂ ಇಲ್ರಿ, ನಾಲ್ಕು ದಿನ ಆತು."

"ಸರಕಾರಿ ಲೈನ್ ಅದ. ಖಾಲಿ ಬಿಡ್ರಿ. ಗೇಟ್ ಎಂಟು, ಹೇಳು."

"ಹೌದ್ರಿ," ಎಂದಳು ದೇವಕಮ್ಮ. ಟಕ್ ಎಂದು ಗುಂಡಿ ಬಿಟ್ಟ ಸದ್ದು. ಎಂಟನೇ ಗೇಟಿನವನು ಮೀಟರು ಹೇಳತೊಡಗಿದ. ಚಾಂದಪಾಶಾ ನಿಲ್ಲಿಸಿದ.

ಸುಂದ್ರಮ್ಮ ಎದ್ದು ಒಳಗೆ ಹೋದಳು. ತಿಮ್ಮಣ್ಣ ನೆಲ ನೋಡುತ್ತ ಕೂತ. ಅವನು ನನ್ನನ್ನು ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನೀವು ಮಾತಾಡ್ತಿರಲಿಲ್ಲ," ಎಂದ ಕೊನೆಗೆ.

"ಇಲ್ಲ ತಿಮ್ಮಣ್ಣ. ಒಂದು ದಿನಾನೂ ಇಲ್ಲ."

"ಆಕಿ ನನಗ ಸುಳ್ಳ ಹೇಳ್ಯಾಳ. ನಾ ಹೋಗಲಿ ಅಂತ ಹೇಳ್ಯಾಳ." ಬಾಗಿಲ ಕಡೆ ನೋಡಿದ. "ನಾ ಕೇಳಿದ್ದೂ ಹೋಗಾಕ ಚಪ್ಪಲಿ ಮೆಟ್ಟಿಕೊಂಡ ಮ್ಯಾಲೇ. ಆಕಿ ಇನ್ನೇನ ಹೇಳಬೇಕಿತ್ತು, ನೀವೇ ಹೇಳ್ರಿ."

ಆಮೇಲೆ ಅವನು ಚಾಂದಪಾಶಾನಿಗೆ ಅಂದ: "ಇನ್ನೊಮ್ಮಿ ಹಚ್ಚು. ರೀಡಿಂಗ್ ಬ್ಯಾಡ. ಆಕಿ ಕೇಳ್ತಾಳಲ್ಲ, ಅದು. ಆಕಿ ಕೇಳಿದ ಮ್ಯಾಲೆ ಅಲ್ಲೇ ನಿಂದ್ರಸು."

ಚಾಂದಪಾಶಾ ಹಾಗೇ ಮಾಡಿದ. ಒಂದಿಷ್ಟು ಮಾತಾಡ್ರಿ, ಏನಾರ ಅಡ್ಡಿಯಿಲ್ಲ, ಇಲ್ಲಿ ಯಾರೂ ಇಲ್ರಿ, ನಾಲ್ಕು ದಿನ ಆತು. ನನ್ನ ದನಿ ಬರುವ ಮೊದಲೇ ನಿಲ್ಲಿಸಿದ. ಮೂವರೂ ಆ ಸಣ್ಣ ಸ್ಪೀಕರನ್ನೇ ನೋಡುತ್ತ ಕೂತೆವು.

ತಿಮ್ಮಣ್ಣ ಊದಿದ ಕಾಲನ್ನು ಕೈಯಿಂದ ಎಳೆದುಕೊಂಡು ಅದರ ಹತ್ತಿರ ಸರಿದ. ಸಾವಿರ ಮಂದಿಯ ಮುಂದೆ ಮೈಕು ಹಿಡಿದು ಭಾಷಣ ಮಾಡಿದವನಿಗೆ ಬಾಯಿ ಎರಡು ಸಲ ತೆರೆದು ಮುಚ್ಚಿತು.

"ಊಟ ಆತೇನ?" ಎಂದ, ಮೆಲ್ಲಗೆ.

ಆಮೇಲೆ ನನ್ನ ಕಡೆ ತಿರುಗಿ, "ನೀವೂ ಏನಾರ ಮಾತಾಡ್ರಿ, ಆಕಿ ಕೇಳಿದ್ದು ನಿಮಗ," ಎಂದ. ನಾನು ಬಹಳ ಹೊತ್ತು ಯೋಚಿಸಿದೆ. ಆರು ವರ್ಷ ಆಕೆಯ ಜೊತೆ ದಿನಕ್ಕೆ ಮೂರು ಸಲ ಲೈನಿನಲ್ಲಿದ್ದವನು. ನನಗೆ ಒಂದು ಮಾತೂ ಬರಲಿಲ್ಲ.